ಮೇಜಿನ ಮೇಲಿನ ಕುಮಾರ ಪರ್ವತ

ಊಟದ ಮೇಜಿನ ಮೇಲೆ ನಾನು ಕುಮಾರ ಪರ್ವತವನ್ನು ಹರಡಿ ಕೂತೆನೆಂದರೆ ಮನೆಯವರಿಗೆಲ್ಲ ಅಂದಿನ ಊಟ ನೆಲದ ಮೇಲೇ. ಸರ್ವೆ ಆಫ್ ಇಂಡಿಯಾದ ಹಾಳೆ ಅದು. 2 ಸೆಂಟಿಮೀಟರಿಗೆ 1 ಕಿಲೋಮೀಟರ್. ಮಡಿಕೆಗಳಲ್ಲಿ ಸವೆದು, ಬೆನ್ನಿಗೆಲ್ಲ ಟೇಪು ಅಂಟಿಸಿಕೊಂಡಿದೆ. ಒಂದೇ ಎತ್ತರದ ಜಾಗಗಳನ್ನು ಪೋಣಿಸಿದ ಕಂದು ಗೆರೆಗೆ ಸಮೋನ್ನತಿ ರೇಖೆ ಎನ್ನುತ್ತಾರೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅದಕ್ಕೊಂದು ರುಚಿಯಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಗೆರೆಗೂ ಗೆರೆಗೂ 20 ಮೀಟರ್ ಎತ್ತರದ ಅಂತರ. ಗೆರೆಗಳು ಬಿಡಿಬಿಡಿಯಾಗಿ ಕೂತಿದ್ದರೆ ಹರಟೆ ಹೊಡೆಯುತ್ತ ನಡೆಯುವ ಜಾಗ. ಒತ್ತೊತ್ತಾಗಿದ್ದರೆ ಮಾತು ನಿಂತು ಏದುಸಿರು ಶುರುವಾಗುವ ಜಾಗ. ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ, ಶಿಖರ 1,712ರಲ್ಲಿ. ನೇರ ಅಳೆದರೆ 10 ಕಿಲೋಮೀಟರೂ ಇಲ್ಲದ ದೂರದೊಳಗೆ ಹತ್ತಿರಹತ್ತಿರ 80 ಗೆರೆ ದಾಟಬೇಕು. ಸೋಮವಾರಪೇಟೆ ಕಡೆಯಿಂದ ಹೊರಡುವವರು ಮೊದಲ ಹೆಜ್ಜೆಗೇ ಅರ್ಧಕ್ಕಿಂತ ಮೇಲಿರುತ್ತಾರೆ. ಅದನ್ನು ಹತ್ತುವುದು ಎನ್ನಬಹುದೇ ಎಂಬುದು ಕುಕ್ಕೆ ದಾರಿಯವನಾದ ನನ್ನ ಹೊಟ್ಟೆಕಿಚ್ಚಿನ ಪ್ರಶ್ನೆ. ಅವರಿಗೆ ಬೆಟ್ಟದ ಹೆಸರೂ ಬೇರೆ, ಪುಷ್ಪಗಿರಿ. ಅಲ್ಲಿನ ವನ್ಯಧಾಮಕ್ಕೂ ಅದೇ ಹೆಸರು.

ಕುಕ್ಕೆಯಿಂದ ಬೆರಳಿಟ್ಟು ಹೊರಟರೆ ಮೊದಲು ದಟ್ಟ ಹಸಿರು, ಅದರೊಳಗೆ ಇಕ್ಕಟ್ಟಾದ ಗೆರೆಗಳು. ಜಿಗಣೆಗಳನ್ನು ನಕ್ಷೆಯಲ್ಲಿ ಗುರುತಿಸಿಲ್ಲ. ಅದು ಸರ್ವೆಯವರ ದೊಡ್ಡ ಲೋಪ. ಗಿರಿಗದ್ದೆಯಲ್ಲಿ ಗೆರೆಗಳು ಒಮ್ಮೆ ಉಸಿರು ಬಿಡುತ್ತವೆ. ಇಳಿಜಾರಿನ ನಡುವೆ ಇಷ್ಟಗಲ ಸಮತಟ್ಟು ಸಿಕ್ಕಿದ್ದರಿಂದಲೇ ಅಲ್ಲಿ ಗದ್ದೆ, ಅದಕ್ಕೇ ಆ ಹೆಸರು, ಅದಕ್ಕೇ ಅಲ್ಲೊಂದು ಭಟ್ಟರ ಮನೆ, ಹಸಿದವರಿಗೆ ಅನ್ನ ಸಾರು. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು, ಕಲ್ಲುಮಂಟಪ, ಹೆಡೆಯೆತ್ತಿದ ಶೇಷ ಪರ್ವತ.

ಮೊದಲ ಸಲ ಹೋದಾಗ ಶೇಷ ಪರ್ವತದ ನೆತ್ತಿಯಲ್ಲಿ ನಿಂತು 'ಮುಗೀತು' ಎಂದು ಚಕ್ಕುಲಿ ಡಬ್ಬಿ ತೆಗೆದಿದ್ದೆ. ಎದುರಿಗೆ ಇನ್ನೊಂದು ಬೆಟ್ಟ! ನಡುವೆ ಶೋಲಾ ಕಾಡಿನೊಳಕ್ಕೆ ಇಳಿದು, ಮತ್ತೆ ಬಂಡೆ ಹಿಡಿದು ಏರಬೇಕು. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕೈಯಾರೆ ಕಳೆದುಕೊಳ್ಳುವ ಸಂಕಟ ಹತ್ತಿದವರಿಗೇ ಗೊತ್ತು. ಮನೆಗೆ ಬಂದು ಹಾಳೆ ಬಿಡಿಸಿದರೆ, ಎರಡು ಪುಟ್ಟ ಸುತ್ತುಗೆರೆಗಳ ನಡುವೆ ಆ ತಗ್ಗು ಎಲ್ಲ ಗೊತ್ತಿದ್ದೂ ಸುಮ್ಮನಿದ್ದವರ ಹಾಗೆ ಮಲಗಿತ್ತು. ನಾನು ಓದಿರಲಿಲ್ಲ, ಅಷ್ಟೇ. ಅಂದಿನಿಂದ ಅನುಮಾನ ಹೆಚ್ಚಾಗಿದೆ: ಎರಡು ಗೆರೆಗಳ ನಡುವೆ 19 ಮೀಟರಿನ ದಿಬ್ಬವೊಂದು ಸದ್ದಿಲ್ಲದೆ ಅಡಗಿರಬಹುದಲ್ಲ?

ಮಂಡಿ ಮುಷ್ಕರ ಹೂಡಿದ ಮೇಲೆ ನನ್ನ ಬೆರಳು ನೀಲಿ ಗೆರೆಗಳಿಗೇ ಹೆಚ್ಚು ಸೋಲುತ್ತಿದೆ. ಕುಮಾರಧಾರೆ ಬೆಟ್ಟದ ಮೂಡಲ ಮಗ್ಗುಲಲ್ಲಿ ಕಾಣಿಸಿಕೊಂಡು, ಮಲ್ಲಳ್ಳಿಯಲ್ಲಿ ಕಂದು ಗೆರೆಗಳ ಕಟ್ಟನ್ನೇ ಕತ್ತರಿಸಿಕೊಂಡು ಧುಮುಕಿ (ಅಲ್ಲಿ ಜಲಪಾತವಿದೆ ಎಂದು ಬರೆಯಲೇಬೇಕಿಲ್ಲ), ಬೆಟ್ಟಕ್ಕೆ ಬಡಗಲಿಂದ ಅರ್ಧ ಪ್ರದಕ್ಷಿಣೆ ಹಾಕಿ ಕುಕ್ಕೆಗೆ ಬರುತ್ತದೆ. ಆಮೇಲೆ ಉಪ್ಪಿನಂಗಡಿ, ನೇತ್ರಾವತಿ, ಅರಬ್ಬೀ ಸಮುದ್ರ. ಇದೇ ಪುಷ್ಪಗಿರಿ ಸಾಲಿನಲ್ಲಿ ಹುಟ್ಟುವ ಹಾರಂಗಿಯಾದರೋ ಮೂಡಲಿಗೆ ತಿರುಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಳೆಹನಿಯ ಹಣೆಬರಹವನ್ನು ಒಂದು ಏಣು ನಿರ್ಧರಿಸುತ್ತದೆ. ಬಿಸಿಲೆ ದಾರಿಯ ಮಂಕನಹಳ್ಳಿಯಲ್ಲಿ ಈ ನೀರಿನ ಪಾಲುಪಟ್ಟಿಗೆ ಗುರುತಿನ ಕಲ್ಲನ್ನೇ ನೆಟ್ಟಿದ್ದಾರೆ.

ಮೊನ್ನೆ ಇದನ್ನೆಲ್ಲ ಮೊಮ್ಮಗಳಿಗೆ ವಿವರಿಸುತ್ತಿದ್ದೆ. ಅವಳು ಲೋಟದಲ್ಲಿ ಬೆರಳದ್ದಿ ಶಿಖರದ ಮೇಲೆ ಸರಿಯಾಗಿ ಒಂದು ಹನಿ ಬಿಟ್ಟು, "ಅಜ್ಜ, ಇದು ಯಾವ ಸಮುದ್ರಕ್ಕೆ ಹೋಗತ್ತೆ?" ಅಂದಳು. ಇಬ್ಬರೂ ಬಗ್ಗಿ ನೋಡಿದೆವು. ಹನಿ ಸ್ವಲ್ಪ ಯೋಚಿಸಿ, ಕುಮಾರಧಾರೆಯನ್ನೂ ಹಾರಂಗಿಯನ್ನೂ ಬಿಟ್ಟು ನೇರ ದಕ್ಷಿಣಕ್ಕೆ, ಅಡುಗೆಮನೆಯ ಕಡೆಗೆ ಹರಿಯಿತು. ಆ ಕಡೆಯ ಮೇಜಿನ ಕಾಲು ಗಿಡ್ಡ.