ಬಿರುಕು ಎಲ್ಲಿದೆ?

1984ರಲ್ಲಿ ರಸ್ತೆಗಿಳಿದ ಮಾರುತಿ ವ್ಯಾನಿನ ಉತ್ಪಾದನೆ 2019ರಲ್ಲಿ ನಿಂತಿತು. ಆದರೂ ಅಂಥದೊಂದು ಓಮ್ನಿ ನಿಮ್ಮಲ್ಲಿ ಕೆಲವರ ಮನೆಯಂಗಳದಲ್ಲಿ ಇಂದಿಗೂ ಇರಬಹುದು. ನಮ್ಮ ಧರ್ಮಕೇಂದ್ರದ್ದು ಕಾರ್ಬುರೇಟರಿನ ಕಾಲದ್ದು. ಧಾರವಾಡದಿಂದ ಹುಬ್ಬಳ್ಳಿಗೆ ವೃದ್ಧರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುವಾಗ, ನವನಗರದ ಬಳಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ಅಬ್ಬರಿಸುತ್ತ ಗಾಡಿಯನ್ನು ಮುಂದಕ್ಕೆ ನೂಕುತ್ತಿತ್ತು. ಎದುರಿಗೆ ಶಾಲಾಮಕ್ಕಳು ರಸ್ತೆ ದಾಟುತ್ತಿದ್ದರು.

ಐಡ್ಲಿಂಗ್ ಸ್ಕ್ರೂ ತಿರುಗಿಸಿದ್ದರೆ ಸದ್ದು ಕ್ಷಣದಲ್ಲಿ ತಗ್ಗುತ್ತಿತ್ತೇನೋ. ಹುಬ್ಬಳ್ಳಿಯ ಹಿರಿಯ ಮೆಕ್ಯಾನಿಕ್ ಅದನ್ನು ಮುಟ್ಟಲಿಲ್ಲ. “ಸದ್ದು ಅಡಗ್ಸೂದು ಬ್ಯಾರೆ, ಬ್ಯಾನಿ ಹುಡುಕೂದು ಬ್ಯಾರೆ ರೀ ಫಾದರ್” ಎಂದರು. ಮುಂದಿನ ಆಸನವನ್ನೆತ್ತಿ, ಚೋಕ್ ಪೂರ್ತಿ ತೆರೆದಿದೆಯೇ, ಆಕ್ಸಿಲರೇಟರ್ ಕೇಬಲ್ ಎಲ್ಲಿಯಾದರೂ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸಿದರು. ಬಳಿಕ ಎಂಜಿನ್ ಓಡುತ್ತಿರುವಾಗಲೇ ಸಣ್ಣ ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಅದುಮಿದರು. ಒಂದನ್ನು ಅದುಮಿದೊಡನೆ ವೇಗ ಇಳಿಯಿತು. ವಯಸ್ಸಾಗಿ ಸೀಳಿದ ಆ ಕೊಳವೆಯಿಂದ ಅಳತೆ ಮೀರಿದ ಗಾಳಿ ಎಂಜಿನ್ನಿನೊಳಗೆ ನುಗ್ಗುತ್ತಿತ್ತು. ಹೊಸ ಕೊಳವೆ ಹಾಕಿದ ನಂತರವೇ ಅವರು ಸ್ಕ್ರೂ ಮುಟ್ಟಿದರು.

ನಿಮ್ಮ ಗಾಡಿ ಹೀಗೆ ಅಬ್ಬರಿಸಿದರೆ ಮೊದಲು ಬಿರುಕನ್ನು ಹುಡುಕಿಸಿರಿ. ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ದನಿಯೇರಿಸಿದಾಗಲೂ ಅಷ್ಟೆ; ಬಾಯಿ ಮುಚ್ಚಿಸುವ ಮುನ್ನ, ಏನಾಗಿದೆಯೆಂದು ಕೇಳಿರಿ.