ಜ್ವರ ಅಲ್ಲ, ಖುಷಿ

ಮೊನ್ನೆ ಮಗಳು ಆಫೀಸಿಂದ ಬಂದು ಕಾಫಿ ಕುಡೀತಾ, "ಅಮ್ಮಾ, ಪಕ್ಕದ್ಮನೆ ಆಂಟೀಲಿ ಎಷ್ಟು ಜ್ವಾ ದ ವಿವ್ರ ಇದೆ ಅಲ್ವಾ?" ಅಂದ್ಲು. ನನಗೆ ಕೇಳಿಸಿದ್ದು ಜ್ವರ ಅಂತ. "ಅಯ್ಯೋ, ಬೆಳಿಗ್ಗೆ ಚೆನ್ನಾಗೇ ಇದ್ರಲ್ಲೇ! ತಡಿ, ಮೆಣಸಿನ ಸಾರು ಮಾಡ್ಕೊಡ್ತೀನಿ" ಅಂತ ಎದ್ದೇಬಿಟ್ಟೆ. ಅವಳು ನಕ್ಕು ನಕ್ಕು ಸುಸ್ತಾದ್ಲು. ಅದು ಫ್ರೆಂಚ್ ಮಾತಂತೆ. ಜ್ವಾ ಅಂದ್ರೆ ಖುಷಿ, ವಿವ್ರ ಅಂದ್ರೆ ಬದುಕೋದು. ಇಂಗ್ಲಿಷಿನವರೂ ಅದನ್ನ ಹಾಗೇ ಬಳಸ್ತಾರಂತೆ.

ಪಕ್ಕದ್ಮನೆ ಅಕ್ಕ ಇಲ್ಲೇ ಪೀಣ್ಯದ ಗಾರ್ಮೆಂಟ್ಸಲ್ಲಿ ಇಪ್ಪತ್ತು ವರ್ಷ ಮಿಷನ್ ಮುಂದೆ ಕೂತವರು. ಕೆಲಸ ಬಿಟ್ಟ ವರ್ಷವೇ ಯಜಮಾನ್ರು ಹೋದ್ರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಆಮೇಲೆ ಆಧಾರ್ ಕಾರ್ಡು ಪರ್ಸಲ್ಲಿ ಇಟ್ಕೊಂಡು ಹೊರಟ್ರು ನೋಡಿ. ಒಂದು ವಾರ ಸಿದ್ಧಗಂಗೆ, ಇನ್ನೊಂದು ವಾರ ಶಿವಗಂಗೆ. ತಲೆ ತುಂಬ ಕನಕಾಂಬರ. "ಗಂಡ ಹೋದವಳಿಗೆ ಎಷ್ಟು ಸಂಭ್ರಮ ನೋಡ್ರೇ" ಅಂತ ನೀರು ಹಿಡಿಯೋ ಹೊತ್ತಲ್ಲಿ ನಾವೆಲ್ಲ ಆಡ್ಕೊಂಡಿದ್ದಿದೆ. ಮುಚ್ಚಿಡೋದ್ಯಾಕೆ, ಆ ಮಾತು ಮೊದಲು ಬಂದಿದ್ದು ನನ್ನ ಬಾಯಿಂದಲೇ.

ಹೋದ ವರ್ಷ ಕಡೇ ಕಾರ್ತೀಕ ಸೋಮವಾರ ಅವರೇ ಬಾಗಿಲು ಬಡಿದು, "ನಡಿಯೇ, ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗೋಣ" ಅಂದ್ರು. ಸೊಂಟ ನೋವು, ಅಡಿಗೆ ಆಗಿಲ್ಲ ಅಂದೆ. ಕೇಳಲಿಲ್ಲ. ಮೆಜೆಸ್ಟಿಕ್ಕಲ್ಲಿ ಬಸ್ ಬದಲಾಯಿಸಿ, ಸೊನ್ನೆ ರೂಪಾಯಿ ಟಿಕೆಟ್ಟಲ್ಲಿ ಹೋದ್ವಿ. ದೊಡ್ಡ ಗಣಪತಿಗೆ, ದೊಡ್ಡ ಬಸವಣ್ಣನಿಗೆ ಕೈ ಮುಗಿದ್ವಿ. ಹಿಂದೆ ಬಸವ ಹೊಲ ಮೇಯ್ದು ಹಾಳು ಮಾಡ್ತಿದ್ನಂತೆ. ಅದಕ್ಕೇ ರೈತರು ಮೊದಲ ಬೆಳೆ ಅವನಿಗೇ ಕೊಡ್ತೀವಿ ಅಂತ ಹರಕೆ ಹೊತ್ರಂತೆ. ಅಲ್ಲಿಂದ ಈ ಪರಿಷೆ.

ಅಕ್ಕ ಹಸೀದು ಒಂದು ಸೇರು, ಹುರಿದದ್ದು ಒಂದು ಸೇರು ಅಳೆಸಿಕೊಂಡ್ರು. ಆಮೇಲೆ ಬಳೆ ಅಂಗಡಿ ಮುಂದೆ ಕೈ ಚಾಚಿ ಹಸಿರು ಗಾಜಿನ ಬಳೆ ತೊಡಿಸ್ಕೊಂಡ್ರು. ನಾನು ಅವರ ಮುಖ ನೋಡ್ದೆ. ಅವರಿಗೆ ಗೊತ್ತಾಯ್ತು ಅನ್ಸುತ್ತೆ.

"ಇಪ್ಪತ್ತು ವರ್ಷ ಸೋಮವಾರ ಅಂದ್ರೆ ನನಗೆ ಡ್ಯೂಟಿ ಕಣೇ. ಇದೇ ಊರಲ್ಲಿದ್ದೂ ಪರಿಷೆ ನೋಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಕರ್ಕೊಂಡು ಹೋಗ್ತೀನಿ ಅಂತ ನಮ್ಮನೆಯವರು ಹೇಳ್ತಾನೇ ಇದ್ರು. ಈಗ ಅವರ ಪಾಲಿಂದೂ ನಾನೇ ನೋಡ್ತಾ ಇದೀನಿ" ಅಂದ್ರು.

ನನಗೆ ಮಾತೇ ಹೊರಡಲಿಲ್ಲ. ಕಡ್ಲೆಕಾಯಿ ಬಿಡಿಸೋ ನೆಪದಲ್ಲಿ ತಲೆ ತಗ್ಗಿಸ್ದೆ. ವಾಪಸ್ ಬರುವಾಗ ಬಸ್ಸಲ್ಲಿ ಅವರ ಹೂವಲ್ಲಿ ಅರ್ಧ ಕಿತ್ತು ನನಗೇ ಮುಡಿಸಿದ್ರು.

ಫ್ರೆಂಚ್ ಮಾತು ನನ್ನ ನಾಲಿಗೆಗೆ ಬರಲ್ಲ. ನಲ್ಲಿ ಹತ್ರ ಯಾರಾದ್ರೂ ಅಕ್ಕನ ಮಾತೆತ್ತಿದ್ರೆ, "ಅದು ಬದುಕೋ ಖುಷಿ ಕಣ್ರೇ, ಸುಮ್ನಿರಿ" ಅಂತೀನಿ. ನನ್ನ ಆಧಾರ್ ಕಾರ್ಡೂ ಈಗ ಬೀರೂನಲ್ಲಿಲ್ಲ, ಪರ್ಸಲ್ಲೇ ಇದೆ. ಈ ಭಾನುವಾರ ಶಿವಗಂಗೆ. ಯಾರ್ಯಾರು ಬರ್ತೀರ ಹೇಳಿ, ಪುಳಿಯೋಗರೆ ನಾನು ತರ್ತೀನಿ.