ವಂಶವೋ ಪರಿಸರವೋ?

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬುದು ಹಿರಿಯರ ಮಾತು. 'ಸಂಗದಿಂದ ಸನ್ಯಾಸಿ ಕೆಟ್ಟ' ಎಂಬುದೂ ಅವರದೇ ಮಾತು. ಮನುಷ್ಯನ ಗುಣ ಹುಟ್ಟಿನಿಂದ ಬರುತ್ತದೆಂದು ಒಂದು ಗಾದೆ ಹೇಳಿದರೆ, ಅವನು ಬಾಳುವ ಪರಿಸರದಿಂದ ಬರುತ್ತದೆಂದು ಇನ್ನೊಂದು ಹೇಳುತ್ತದೆ. ಇವೆರಡರಲ್ಲಿ ಯಾವುದು ನಿಜ? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಅವಳಿಗಳ ಜೀವನವನ್ನು ಹೋಲಿಸಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಮನುಷ್ಯನ ಬುದ್ಧಿ, ಸ್ವಭಾವ, ನಡತೆಗಳಲ್ಲಿ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ವಿಚಾರಿಸುವ ಶಾಸ್ತ್ರಕ್ಕೆ ಇಂದು ವರ್ತನಾ ತಳಿವಿಜ್ಞಾನ ಎಂದು ಹೆಸರು.

ಇದು ಪಂಡಿತರ ಪ್ರಶ್ನೆ ಮಾತ್ರವಲ್ಲ. ಒಮ್ಮೆ ಇದು ಮಲೆನಾಡಿನ ಬಡವರ ಗುಡಿಸಲ ಬಾಗಿಲಿಗೇ ಬಂದು ನಿಂತಿತು.

1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಗ್ರಾಮದಲ್ಲಿ ವಿಚಿತ್ರವಾದ ಬೇನೆಯೊಂದು ವೈದ್ಯರ ಗಮನಕ್ಕೆ ಬಂದಿತು. ರೋಗಿಗಳಿಗೆ ಸೊಂಟದ ಮತ್ತು ಮೊಣಕಾಲಿನ ಕೀಲುಗಳಲ್ಲಿ ತಾಳಲಾರದ ನೋವು. ಕೆಲವರ ಮೈ ಬೆಳೆಯದೆ ಕುಳ್ಳಾಗಿತ್ತು. ಕೆಲವರಿಗೆ ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇಂಥ ರೋಗಿಗಳಿದ್ದರು. ಬೇನೆಗೆ ತುತ್ತಾದವರು ಕೂಲಿಯನ್ನೇ ನಂಬಿ ಬದುಕುವ ದಲಿತ ಕುಟುಂಬಗಳವರು. ದುಡಿಯುವ ಕಾಲುಗಳೇ ಸೋತರೆ ಆ ಮನೆಗಳ ಗತಿಯೇನು?

ಕಾರಣವೇನೆಂದು ಕೇಳಿದಾಗ ಮೊದಲು ಎಲ್ಲರ ದೃಷ್ಟಿಯೂ ಪರಿಸರದ ಕಡೆಗೆ ಹರಿಯಿತು. ಆ ಬಡವರು ಗದ್ದೆಯ ಏಡಿಗಳನ್ನು ಹಿಡಿದು ತಿನ್ನುತ್ತಿದ್ದರು. ಗದ್ದೆಗಳಿಗೆ ಕೀಟನಾಶಕ ಬೀಳುತ್ತಿತ್ತು. ಏಡಿಯ ಮೂಲಕ ವಿಷ ಮೈಸೇರಿ ಕೀಲುಗಳನ್ನು ಕೆಡಿಸಿರಬೇಕು ಎಂಬ ಮಾತು ಎಲ್ಲೆಡೆ ಹಬ್ಬಿತು. ಕೀಟನಾಶಕ ಅಪಾಯಕಾರಿ ಎಂಬುದು ದಿಟವಾದ ಕಾರಣ ಈ ಮಾತನ್ನು ನಂಬುವುದೂ ಸುಲಭವಾಗಿತ್ತು.

ಆದರೆ ವಿಜ್ಞಾನಿಯಾದವನು ನಂಬಲು ಸುಲಭವಾದುದನ್ನು ಕೂಡ ಒರೆಗೆ ಹಚ್ಚಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಸಂಶೋಧಕರು ಬೇನೆಯನ್ನು ಪರಿಶೀಲಿಸಿ 1977ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೇನೆ ಕೆಲವೇ ಸಮುದಾಯಗಳ ಕೆಲವೇ ಕುಟುಂಬಗಳಲ್ಲಿ ಕಾಣಿಸಿಕೊಂಡದ್ದನ್ನು ಕಂಡು ಅದನ್ನು ಮಲೆನಾಡಿನ ಕೌಟುಂಬಿಕ ಕೀಲುಬೇನೆ ಎಂದು ಕರೆದರು. ಮುಂದೆ ತಳಿವಿಜ್ಞಾನದ ವೈದ್ಯರು ಎಲುಬುಗಳ ಎಕ್ಸ್-ರೇ ಚಿತ್ರಗಳನ್ನೂ ಮನೆತನಗಳ ವಂಶವೃಕ್ಷಗಳನ್ನೂ ಅಭ್ಯಾಸ ಮಾಡಿದರು. ತಾತನಿಗೆ ಬೇನೆಯಿತ್ತೇ? ತಾಯಿಗಿತ್ತೇ? ಒಡಹುಟ್ಟಿದವರಲ್ಲಿ ಯಾರಿಗಿದೆ, ಯಾರಿಗಿಲ್ಲ? ಹೀಗೆ ತಲೆಮಾರುಗಳ ಜಾಡು ಹಿಡಿದು ಹೋದಾಗ ಬೇನೆ ವಂಶವಾಹಿಯ ಮೂಲಕ ಇಳಿದುಬರುತ್ತದೆಂಬುದು ತಿಳಿಯಿತು. ತಂದೆತಾಯಿಯರಲ್ಲಿ ಒಬ್ಬರಿಗೆ ಈ ಬೇನೆಯಿದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ನಾಣ್ಯ ಚಿಮ್ಮಿದಾಗ ಯಾವ ಮುಖ ಮೇಲಾಗುವುದೋ ಹೇಳಲಾಗದು, ಇದೂ ಹಾಗೆಯೇ. ಮದುವೆಗಳು ತಮ್ಮ ತಮ್ಮ ಸಮುದಾಯದೊಳಗೇ ನಡೆಯುತ್ತಿದ್ದುದರಿಂದ ಬೇನೆಯೂ ಆ ಕುಟುಂಬಗಳಲ್ಲಿಯೇ ಉಳಿಯಿತು.

'ಹಾಗಾದರೆ ಇದು ಹುಟ್ಟಿನ ದೋಷ; ಯಾರೇನು ಮಾಡಲಾದೀತು?' ಎಂದು ಕೈಕಟ್ಟಿ ಕುಳಿತುಕೊಳ್ಳುವವರೂ ಇರಬಹುದು. ಈ ಬಗೆಯ ಮಾತು ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 'ಉತ್ತಮ' ವಂಶದವರ ಸಂತತಿಯೇ ಹೆಚ್ಚಬೇಕೆಂಬ ವಾದಕ್ಕೆ ಗಾಲ್ಟನ್ನರೇ 1883ರಲ್ಲಿ ಒಂದು ಹೆಸರು ಕೊಟ್ಟಿದ್ದರು. ಆ ವಾದದ ಜಾಡಿನಲ್ಲಿ ಜರ್ಮನಿಯ ನಾಜಿ ಸರ್ಕಾರ 1933ರಲ್ಲಿ ಶಾಸನ ಮಾಡಿ, ವಂಶದೋಷವುಳ್ಳವರೆಂದು ತಾನು ಎಣಿಸಿದವರಿಗೆ ಬಲವಂತದಿಂದ ಸಂತಾನಶಕ್ತಿಹರಣ ಮಾಡಿಸಿತು.

ವಿಜ್ಞಾನ ಕಲಿಸುವುದು ಬೇರೆಯೇ ಪಾಠವನ್ನು. ನಾರ್ವೆ ದೇಶದ ವೈದ್ಯ ಫಾಲಿಂಗ್ 1934ರಲ್ಲಿ ವಂಶವಾಹಿಯಿಂದ ಬರುವ ಒಂದು ರೋಗವನ್ನು ಗುರುತಿಸಿದರು. ಅದು ಮಕ್ಕಳ ಮೆದುಳನ್ನು ಕೆಡಿಸಿ ಬುದ್ಧಿಯನ್ನು ಕುಂದಿಸುವ ರೋಗ. ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಆ ಮಕ್ಕಳ ಮೈ ಅರಗಿಸಿಕೊಳ್ಳಲಾರದು. ಆ ಅಂಶ ಕಡಿಮೆಯಿರುವ ಆಹಾರದಿಂದ ಮಗುವಿಗೆ ಉಪಕಾರವಾಗುವುದೆಂದು 1953ರಲ್ಲಿ ಇಂಗ್ಲೆಂಡಿನ ವೈದ್ಯರು ತೋರಿಸಿದರು. ಹುಟ್ಟಿದೊಡನೆ ರೋಗವನ್ನು ಪತ್ತೆಮಾಡಿ ಪಥ್ಯ ಹಿಡಿಸಿದರೆ ಇಂದು ಆ ಮಗು ಇತರ ಮಕ್ಕಳಂತೆಯೇ ಓದಿ ಬರೆದು ಬೆಳೆಯಬಲ್ಲದು. ರೋಗದ ಮೂಲ ವಂಶದಲ್ಲಿ; ಪರಿಹಾರ ಊಟದ ತಟ್ಟೆಯಲ್ಲಿ!

ಹಂದಿಗೋಡಿನ ಬೇನೆಗೆ ಅಷ್ಟು ಸುಲಭದ ಪಥ್ಯವಿಲ್ಲ. ಆದರೂ ನೋವನ್ನು ತಗ್ಗಿಸುವ ಔಷಧ, ನಡೆಯಲು ಆಸರೆ, ಕುಳಿತು ಮಾಡಬಹುದಾದ ಉದ್ಯೋಗ, ಮಕ್ಕಳಿಗೆ ವಿದ್ಯೆ, ನೆರೆಹೊರೆಯವರ ಗೌರವ, ಇವು ಮನುಷ್ಯರ ಕೈಯಲ್ಲಿಯೇ ಇವೆ. ವಂಶದ ಪಾಲೆಷ್ಟೆಂಬುದನ್ನು ಸಂಶೋಧಕರು ಅಳೆದು ಹೇಳಬಲ್ಲರು. ಉಳಿದ ಪಾಲನ್ನು ಸಲ್ಲಿಸಬೇಕಾದುದು ಸಮಾಜದ ಕರ್ತವ್ಯ.